ಅಳತೆಗೆ ಹಿಡಿದ ಹೊತ್ತು

ಫೆಬ್ರವರಿ 5, ಸೋಮವಾರ

ಸೆಲಿ ಸೈಕಲ್ ಫ್ರೇಮು ಕಾರ್ಖಾನೆಯ ಮಾನ್ಯ ಪಾಲುದಾರರೇ, ದೂರ ದೇಶಗಳಿಂದ ಬಂದು ಮುಂದಿನ ಸಾಲನ್ನು ಅಲಂಕರಿಸಿರುವ ಹೂಡಿಕೆದಾರ ಮಹಾಶಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಲೆಕ್ಕಪರಿಶೋಧಕರೇ! ಸಂಸ್ಥೆಯ ಇಪ್ಪತ್ತಮೂರನೆಯ ವರ್ಷದ ಸ್ಥಿತಿಗತಿಯನ್ನು ತಮ್ಮ ಮುಂದಿಡಲು, ಅಧ್ಯಕ್ಷನೂ ಬೆಸುಗೆಗಾರನೂ ಕಸ ಗುಡಿಸುವವನೂ ಆದ ಅಬೆಲಾರ್ದೊ ಸೆಲಿ ಎಂಬ ನಾನು ಎದ್ದು ನಿಂತಿದ್ದೇನೆ. ಸ್ಥಿತಿ: ಬೆಸುಗೆ ಭದ್ರ, ಮಾಲೀಕ ದರಿದ್ರ. ಗತಿ: ದೇವರೇ ಗತಿ. ದಯವಿಟ್ಟು ಚಪ್ಪಾಳೆ.

ಈ ಪುಸ್ತಕಕ್ಕೆ ಕಾರಣ ಲಿಬಿಯಾ ಕಮಾರ್ಗೊ ಮೇಡಂ. ಸಣ್ಣ ಉದ್ದಿಮೆಯವರಿಗೆ ಪುಕ್ಕಟೆ ಬುದ್ಧಿ ಹೇಳುವ ಕಚೇರಿಯೊಂದು ಇದೆಯಂತೆ, ಅಲ್ಲಿಂದ ಬಂದವರು. ವಯಸ್ಸು ಇಪ್ಪತ್ತೊಂಬತ್ತು, ಮುಖ ಮಾತ್ರ ಪರೀಕ್ಷೆ ಬರೆಯಲು ಹೊರಟ ಹುಡುಗಿಯದು.

“ಒಂದು ಫ್ರೇಮಿಗೆ ಎಷ್ಟು ತಗೋತೀರಿ ಮೇಸ್ತ್ರಿ?”

“ಹನ್ನೊಂದು ಲಕ್ಷ ಪೆಸೊ.”

“ಎಷ್ಟು ಗಂಟೆ ಹಿಡಿಯತ್ತೆ?”

“ಆಗೋವರೆಗೂ ಹಿಡಿಯತ್ತೆ.”

“ಆಗೋವರೆಗೂ ಅಂದ್ರೆ?”

“ಮುಗಿಯೋವರೆಗೂ.”

ಮೇಡಂ ಕ್ಯಾಲ್ಕುಲೇಟರನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಈ ಪುಸ್ತಕ ಹೊರಬಂತು. ಯಾವ ಗಂಟೆ ಯಾವ ಕೆಲಸಕ್ಕೆ ಹೋಯಿತು ಎಂದು ದಿನಾ ಬರೆಯಬೇಕು. ಅವರಿಗೆ ವಾರದ ಮೊತ್ತ ಹೇಳಿದರೆ ಸಾಕು, ಪುಸ್ತಕ ನನ್ನದೇ. ನಾನು ಏನು ಬೇಕಾದರೂ ಗೀಚಬಹುದು, ಅಂತ ಅವರು ಹೇಳಲಿಲ್ಲ, ನಾನು ತಿಳಿದುಕೊಂಡೆ.

ಅವಸರಕ್ಕೆ ಕಾರಣ ಕಟ್ಟಡದ ಮಾಲೀಕ. ಏಪ್ರಿಲ್ ಮುಗಿಯುವುದರೊಳಗೆ ಆರು ತಿಂಗಳ ಬಾಡಿಗೆ ಮುಂಗಡ ಇಡಬೇಕು. ಇಲ್ಲದಿದ್ದರೆ ಈ ಜಾಗದಲ್ಲಿ ಸುಟ್ಟ ಕೋಳಿ ಮಾರುವವರು ಬರುತ್ತಾರೆ. ಆಗ ನಾನು ಊರ ಹೊರಗಿನ ಬಸ್ ಬಾಡಿ ಕಟ್ಟುವ ಕಾರ್ಖಾನೆಗೆ ಸೇರಬಹುದು. ಅಲ್ಲಿನ ಮೇಲ್ವಿಚಾರಕ ಎರಡು ಸಲ ಕರೆದಿದ್ದಾನೆ. ಬಸ್ಸಿನ ಸೀಟಿಗೆ ಕಾಲು ಬೆಸೆಯುವ ಕೆಲಸ. ಎಲ್ಲ ಸೀಟಿಗೂ ಒಂದೇ ಅಳತೆ.

ಇವತ್ತಿನ ಗಂಟೆ: ಮೇಡಂ ಜೊತೆ ಎರಡು. ಹಾಲಿನ ಕ್ಯಾನಿನ ತಳ ಬೆಸೆದದ್ದು ಹತ್ತು ನಿಮಿಷ, ಕೈಗೆ ಕಾಸು ಬಂದದ್ದು ಅದೊಂದರಿಂದ. ಇಪ್ಪತ್ತಮೂರು ವರ್ಷವೂ ಬರೀ ಕ್ಯಾನು ಬೆಸೆದಿದ್ದರೆ ಇಷ್ಟು ಹೊತ್ತಿಗೆ ಹಸುವನ್ನೇ ಕಟ್ಟಬಹುದಿತ್ತು.

ಫೆಬ್ರವರಿ 7, ಬುಧವಾರ

ಫೋನು ಬಂತು. ಅಕಿತಾನಿಯಾ ಊರಿನಿಂದ ಹೆರ್ಮೆನ್ಸಿಯಮ್ಮ. ಸರೋವರದ ದಂಡೆಯಲ್ಲಿ ಈರುಳ್ಳಿ ಸುಲಿದು ಕಟ್ಟು ಕಟ್ಟುವ ಮಂಡಿಯೊಂದನ್ನು ನಡೆಸುವ ಹೆಂಗಸು. ದನಿ ಕೇಳಿದರೆ ಫೋನಿಲ್ಲದೆಯೂ ಇಲ್ಲಿಗೆ ಕೇಳಿಸುತ್ತಿತ್ತು ಅನ್ನಿಸುತ್ತದೆ.

“ನಮ್ಮ ಹೆಂಗಸ್ರು ಒಂಬತ್ತು ಜನ ಸೈಕಲ್ ಸಂಘ ಮಾಡ್ಕೊಂಡಿದಾರೆ ಮೇಸ್ತ್ರಿ. ಎಲ್ರೂ ಗಂಡನ ಸೈಕಲ್ಲು, ಅಣ್ಣನ ಸೈಕಲ್ಲು ತುಳಿಯೋರು. ಕಾಲು ಎಟುಕಿದ್ರೆ ಕೈ ಎಟುಕಲ್ಲ. ಅಳತೆಗೆ ಸರಿಯಾಗಿ ಮಾಡಿಕೊಡ್ತೀರಾ?”

“ಅದೇ ನನ್ನ ಕಸುಬು ಅಮ್ಮಾ.”

“ಮೊದಲು ಒಂದು. ಈಸ್ಟರಿನ ಪವಿತ್ರ ವಾರಕ್ಕೆ ಮುಂಚೆ ಕೈಗೆ ಕೊಡಿ. ಚೆನ್ನಾಗಿದ್ರೆ ಇನ್ನು ಎಂಟು. ಅರ್ಧ ದುಡ್ಡು ಮುಂಗಡ.”

ಎಂಟರ ಅರ್ಧ ಅಂದರೆ ಆರು ತಿಂಗಳ ಬಾಡಿಗೆ ಇಟ್ಟು, ಕೊಳವೆಗಳಿಗೂ ಮಿಗುತ್ತದೆ. ಫೋನಿಟ್ಟು ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಮಿಕ್ಕಿತು. ಹೇಳೋಣ ಅಂತ ಹಿಂದಿನ ಕೋಣೆಗೆ ಹೋದೆ. ಬಣ್ಣದ ಕೋಣೆ. ಅಲ್ಲಿ ಹೊರ್ತೆನ್ಸಿಯೊ ಇಲ್ಲ. ಇಪ್ಪತ್ತೆರಡು ವರ್ಷ ನಾನು ಬೆಸೆದದ್ದಕ್ಕೆ ಬಣ್ಣ ಹೊಡೆದವನು, ಪುಪ್ಪುಸ ಕೆಟ್ಟಿತು ಅಂತ ಹೋದ ವರ್ಷ ಬಯಲುಸೀಮೆಯ ಸೆಖೆಗೆ ಹೋಗಿ ಸೇರಿಕೊಂಡ. ಗೊತ್ತಿದ್ದೂ ಹೋದೆ. ಹೋದವನು ಸುಮ್ಮನೆ ಬರುವುದೇಕೆ ಅಂತ ಒಂದು ಡಬ್ಬಿಯ ಮುಚ್ಚಳ ಭದ್ರ ಮಾಡಿ ಬಂದೆ.

ಫೆಬ್ರವರಿ 9, ಶುಕ್ರವಾರ

ಮೊದಲ ಗಿರಾಕಿ ಬಂದಳು: ಎದೆಲ್ಮಿರಾ ಫಾಗುವಾ, ಮೂವತ್ತೆಂಟು ವರ್ಷ. ಎರಡು ಬಸ್ಸು ಬದಲಿಸಿ ಬಂದಿದ್ದಳು, ಕಂಕುಳಲ್ಲಿ ಒಂದು ಕಟ್ಟು ಈರುಳ್ಳಿ ತಾಳು.

“ಬಾಗಿಲು ಇಷ್ಟು ಚಿಕ್ಕದಿದೆಯಲ್ಲ ಮೇಸ್ತ್ರಿ, ಇದರಲ್ಲಿ ಸೈಕಲ್ಲು ಹೊರಗೆ ಹೋಗತ್ತಾ?”

“ಇಪ್ಪತ್ತಮೂರು ವರ್ಷದಿಂದ ಸೈಕಲ್ಲು ಹೋಗ್ತಾನೇ ಇದೆ. ನಾನೇ ಹೋಗಿಲ್ಲ.”

ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿದೆ. ಕಾಲಿನ ಉದ್ದ ತೆಗೆಯುವಾಗ ತೆಳುವಾದ ಹಲಗೆಯನ್ನು ತೊಡೆಗಳ ನಡುವೆ ಮೇಲಕ್ಕೊತ್ತಿ ಹಿಡಿಯಬೇಕು. ಹೆಂಗಸರಾದರೆ ಹಲಗೆಯನ್ನೂ ಪೆನ್ಸಿಲನ್ನೂ ಅವರ ಕೈಗೇ ಕೊಟ್ಟು ನಾನು ಕ್ಯಾಲೆಂಡರಿನ ಟ್ರಾಕ್ಟರನ್ನು ನೋಡುತ್ತಾ ನಿಲ್ಲುತ್ತೇನೆ. ಆ ಟ್ರಾಕ್ಟರಿನ ಬಗ್ಗೆ ನನಗಿರುವಷ್ಟು ತಿಳಿವಳಿಕೆ ಅದನ್ನು ಮಾರುವವರಿಗೂ ಇರಲಾರದು. ಆಮೇಲೆ ಮುಂಡ, ಭುಜ, ಮುಷ್ಟಿಯಲ್ಲಿ ಪೆನ್ಸಿಲು ಹಿಡಿಸಿ ತೋಳು. ಇಪ್ಪತ್ತು ನಿಮಿಷದ ಕೆಲಸ.

ಬೆಲ್ಲದ ನೀರು ಕಾಯಿಸಿದೆ. ಎದುರಿನ ಬೇಕರಿಯಿಂದ ಅಲ್ಮೊಹಾಬಾನ ಬನ್ನು ತಂದೆ, ಬಿಸಿ ಇತ್ತು, ಒಳಗಿನ ಚೀಸು ಇನ್ನೂ ಎಳೆಯೆಳೆಯಾಗಿ ಬರುತ್ತಿತ್ತು. ಅವಳು ಅಣ್ಣನ ಸೈಕಲ್ಲಿನ ಮೇಲೆ ಬೆಳಿಗ್ಗೆ ಐದಕ್ಕೆ ಮಂಡಿಗೆ ಹೋಗುವುದು, ಭಾನುವಾರ ಸರೋವರವನ್ನು ಒಂದು ಸುತ್ತು ಹಾಕುವುದು, ಸೊಂಟ ಹಿಡಿದುಕೊಂಡು ಸೋಮವಾರ ಬಗ್ಗಲಾಗದಿರುವುದು, ಎಲ್ಲ ಹೇಳಿದಳು. ಏರುದಾರಿಯಲ್ಲಿ ಗಂಡಸರನ್ನು ಹಿಂದೆ ಹಾಕುವಾಗ “ಮನೆಗೆ ಬೆಂಕಿ ಬಿದ್ರೂ ಇಷ್ಟೇ ನಿಧಾನಾನಾ?” ಅಂತ ಕೇಳುತ್ತಾಳಂತೆ.

ಅಳತೆ: ಮೂರು ಗಂಟೆ. ಅಳತೆ ಸಾಮಗ್ರಿ: ಅಲ್ಮೊಹಾಬಾನ ಎರಡು, ಬೆಲ್ಲ ಒಂದು ಉಂಡೆ.

ಫೆಬ್ರವರಿ 14, ಬುಧವಾರ

ಕೊಳವೆ ಕತ್ತರಿಸುವುದು ಐದು ಗಂಟೆ, ಅರ ಹಾಕುವುದು ನಾಲ್ಕು ಗಂಟೆ. ಒಂದು ಕೊಳವೆಯ ತುದಿ ಇನ್ನೊಂದರ ದುಂಡಿಗೆ ಬೆಳಕು ನುಸುಳದ ಹಾಗೆ ಕೂರಬೇಕು. ಕೂತಿತು. ತೋರಿಸಲು ಯಾರೂ ಇರಲಿಲ್ಲವಾದ್ದರಿಂದ ಬೆಳಕಿಗೆ ಹಿಡಿದು ನಾನೇ ಎರಡನೆಯ ಸಲ ನೋಡಿದೆ.

ಫೆಬ್ರವರಿ 19, ಸೋಮವಾರ

ಎದೆಲ್ಮಿರಾ ಎರಡನೆಯ ಅಳತೆಗೆ ಬಂದಳು. ನಾನೇ ಫೋನು ಮಾಡಿದ್ದೆ. ಕಾರಣ ತಾಂತ್ರಿಕ: ಮೊದಲ ಅಳತೆ ತೆಗೆದದ್ದು ಬೆಳಿಗ್ಗೆ. ದಿನವಿಡೀ ಬಗ್ಗಿ ಈರುಳ್ಳಿ ಸುಲಿಯುವವರ ಬೆನ್ನು ಸಂಜೆಯ ಹೊತ್ತಿಗೆ ಒಂದು ಬೆರಳಷ್ಟು ಕುಗ್ಗುತ್ತದೆ. ಇದು ಸುಳ್ಳಲ್ಲ.

“ನಾನೇನು ಈರುಳ್ಳೀನಾ ಮೇಸ್ತ್ರಿ, ಸುಲಿದಷ್ಟೂ ಸಣ್ಣ ಆಗೋಕೆ?”

“ಅರ್ಧ ಸೆಂಟಿಮೀಟರ್ ಆದ್ರೂ ಅರ್ಧ ಸೆಂಟಿಮೀಟರೇ.”

“ಸರಿ, ಅಳೀರಿ. ಬೆಳಿಗ್ಗೆ ಕೆಲಸ ಮಾಡಿ ಬಂದಿದೀನಿ, ಇವತ್ತು ಅರ್ಧ ಕೂಲಿನಾದ್ರೂ ಉಳೀತು.”

ಅರ್ಧ ಸೆಂಟಿಮೀಟರ್ ಕುಗ್ಗಿದ್ದಳು. ಅದರಿಂದ ಫ್ರೇಮಿನಲ್ಲಿ ಏನೂ ಬದಲಾಗುವುದಿಲ್ಲ, ಆದರೆ ತಿಳಿದಿರುವುದು ಒಳ್ಳೆಯದು. ಮತ್ತೆ ಒಂದು ಕಟ್ಟು ಈರುಳ್ಳಿ ತಾಳು ತಂದಿದ್ದಳು. ಹೊರ್ತೆನ್ಸಿಯೊನ ಕುರ್ಚಿಯ ಧೂಳು ಒರೆಸಿ ಅದರ ಮೇಲೆ ಕೂರಿಸಿದೆ. ನಾನು ಬಾಗಿಲ ಮೇಲೆ ಬರೆದಿರುವ ಸಾಲನ್ನು ಗಟ್ಟಿಯಾಗಿ ಓದಿದಳು: ‘ಅವಸರಕ್ಕೆ ಅಂಗಡಿ ಸೈಕಲ್ಲು, ಆಯುಷ್ಯಕ್ಕೆ ಸೆಲಿ ಸೈಕಲ್ಲು.’

“ಇದನ್ನ ಯಾರು ಬರೆದಿದ್ದು?”

“ನಾನೇ.”

“ಅನ್ಕೊಂಡೆ.”

ಅವಳು ಹೋದ ಮೇಲೂ ಅಂಗಡಿಯಲ್ಲಿ ಈರುಳ್ಳಿ ವಾಸನೆ. ಬೆಸುಗೆಯ ಗ್ಯಾಸು ಹಚ್ಚಿದರೆ ಹೋಗಿಬಿಡುತ್ತದೆ. ನಾಳೆ ಹಚ್ಚಿದರಾಯಿತು.

ಅಳತೆ: ಮೂರು ಗಂಟೆ. ಸಾಮಗ್ರಿ: ಅಲ್ಮೊಹಾಬಾನ ನಾಲ್ಕು.

ಫೆಬ್ರವರಿ 27, ಮಂಗಳವಾರ

ಹಿತ್ತಾಳೆ ಬೆಸುಗೆ, ಆರು ಗಂಟೆ. ಕೀಲುಗಳಲ್ಲಿ ಹಿತ್ತಾಳೆ ಜೇನಿನ ಹಾಗೆ ಹರಿಯಿತು. ಮೊದಲೆಲ್ಲ ಇಂಥ ದಿನ ಹೊರ್ತೆನ್ಸಿಯೊ ಬಂದು ಹೆಬ್ಬೆರಳಿನಿಂದ ಸವರಿ “ಪರವಾಗಿಲ್ಲ” ಅನ್ನುತ್ತಿದ್ದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಫೋನು ಮಾಡಿದೆ. ಫ್ಯಾನಿನ ಸದ್ದು ಜಾಸ್ತಿ, ಅವನ ಮಾತು ಕಮ್ಮಿ.

“ಹೇಗಿದೀಯೋ?”

“ಸೆಖೆ.”

“ಪುಪ್ಪುಸ?”

“ಪರವಾಗಿಲ್ಲ.”

ಮಾರ್ಚ್ 1, ಗುರುವಾರ

ಮೂರನೆಯ ಅಳತೆ. ಇದನ್ನು ಪರಿಶೀಲನಾ ಅಳತೆ ಎಂದು ಕರೆಯಬಹುದು. ಎದೆಲ್ಮಿರಾ ಒಳಗೆ ಬಂದವಳು ಮೇಜಿನ ಮೇಲೆ ಬೆಸೆದು ನಿಂತಿದ್ದ ಫ್ರೇಮನ್ನು ಸುತ್ತುಹಾಕಿ ನೋಡಿದಳು.

“ಇದು ನಂದಾ?”

“ನಿಮ್ಮದೇ.”

“ಆಗಲೇ ಆಗಿಹೋಗಿದೆಯಲ್ಲ. ಈಗ ಅಳೆದು ಕಾಲು ಉದ್ದ ಬಂತು ಅಂದ್ರೆ ಏನ್ಮಾಡ್ತೀರಿ, ನನ್ನ ಕಾಲು ಅರ ಹಾಕ್ತೀರಾ?”

ನಕ್ಕೆ. ನಗುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಬೆಳಗಿನಿಂದ ಮಾತಾಡಿರಲಿಲ್ಲ, ಅದಕ್ಕಿರಬೇಕು. ಅವಳಿಗೆ ಹೊರಡುವ ಅವಸರವಿತ್ತು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದೆ. ತಂಗಿಯ ಮಗುವಿಗೆ ಜ್ವರವಂತೆ. ಆದರೂ ಒಂದು ಲೋಟ ಬೆಲ್ಲದ ನೀರು ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅಳತೆ: ಎರಡು ಗಂಟೆ. ಸಾಮಗ್ರಿ: ಅಲ್ಮೊಹಾಬಾನ ಆರು. ನಾಲ್ಕು ಮಿಕ್ಕವು.

ಮಾರ್ಚ್ 9, ಶುಕ್ರವಾರ

ನಾಲ್ಕನೆಯದು. ಕೈಗೂ ಹ್ಯಾಂಡಲಿಗೂ ನಡುವಿನ ದೂರ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು: “ಮುಂದಿನ ಸಲ ಟೇಪು ತೆಗೀಬೇಡಿ ಮೇಸ್ತ್ರಿ. ಬೆಲ್ಲದ ನೀರು ಒಂದೇ ಸಾಕು.”

ತಮಾಷೆ ಇರಬೇಕು. ಟೇಪಿಲ್ಲದೆ ಅಳೆಯುವುದು ಹೇಗೆ?

ಅಳತೆ: ಮೂರು ಗಂಟೆ.

ಮಾರ್ಚ್ 12, ಸೋಮವಾರ

ಲಿಬಿಯಾ ಮೇಡಂ ಬಂದು ಮೊತ್ತಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದರು. ಕೊಳವೆ, ಹಿತ್ತಾಳೆ, ಗ್ಯಾಸು, ಬಣ್ಣಕ್ಕೆ ಸೊಗಮೊಸೊ ಪಟ್ಟಣದವರೆಗೆ ಹೊತ್ತುಕೊಂಡು ಹೋಗುವ ಖರ್ಚು, ಬಾಡಿಗೆಯ ಪಾಲು, ಎಲ್ಲ ಕಳೆದು ನನ್ನ ಪಾಲಿಗೆ ಎರಡು ಲಕ್ಷ. ಗಂಟೆಗಳು ನಲವತ್ತೇಳು.

“ಗಂಟೆಗೆ ನಾಲ್ಕು ಸಾವಿರದ ಇನ್ನೂರು ಚಿಲ್ಲರೆ ಬೀಳತ್ತೆ ಮೇಸ್ತ್ರಿ.”

“ಮೂರು ಅಲ್ಮೊಹಾಬಾನಕ್ಕೆ ಸ್ವಲ್ಪ ಕಮ್ಮಿ.”

“ನಗಬೇಡಿ. ಬಸ್ ಕಾರ್ಖಾನೇಲಿ ಇದರ ಎರಡರಷ್ಟು ಕೊಡ್ತಾರೆ. ಇಲ್ನೋಡಿ, ಕತ್ತರಿಸೋದು ಸರಿ, ಬೆಸುಗೆ ಸರಿ. ಈ ಅಳತೆ ಅಂದ್ರೇನು, ಹನ್ನೊಂದು ಗಂಟೆ? ಒಬ್ಬಳೇ ಹೆಂಗಸಿಗೆ? ನಾನು ಬೇರೆ ಊರಿನ ಇಬ್ಬರನ್ನ ಕೇಳಿದೆ. ಒಂದು ಗಂಟೆಯಂತೆ.”

“ಅವರದ್ದು ಬೇರೆ ಪದ್ಧತಿ.”

“ನಿಮ್ಮದು?”

ಬೆಳಿಗ್ಗೆ ಸಂಜೆಯ ಬೆನ್ನು, ಊಟದ ಮುಂಚಿನ ಸೊಂಟ, ಊಟದ ನಂತರದ ಸೊಂಟ, ಚಳಿಯಲ್ಲಿ ಸ್ನಾಯು ಬಿಗಿಯುವುದು, ಎಲ್ಲ ವಿವರಿಸಿದೆ. ಮೇಡಂ ಬರೆದುಕೊಂಡರು. ಬರೆದುಕೊಳ್ಳುವವರ ಮುಂದೆ ಮಾತು ಸುಲಭವಾಗಿ ಬೆಳೆಯುತ್ತದೆ. ಅವರೂ ಒಂದು ಅಲ್ಮೊಹಾಬಾನ ತಿಂದರು. ಅದನ್ನು ಯಾವ ಕಲಮಿಗೆ ಹಾಕಬೇಕೋ ತಿಳಿಯದೆ ಅಳತೆಗೇ ಹಾಕಿದೆ.

ಮಾರ್ಚ್ 23, ಶುಕ್ರವಾರ

ಹೇಳಿದ ದಿನಕ್ಕೆ ಕೊಟ್ಟೆ. ತಿಳಿಹಸಿರು ಬಣ್ಣ, ಈರುಳ್ಳಿ ತಾಳಿನದೇ ಹಸಿರು. ಅವಳು ತಂದಿದ್ದ ಹಳೇ ಸೈಕಲ್ಲಿನ ಚಕ್ರ, ಪೆಡಲು, ಸೀಟು ಎಲ್ಲ ಇದಕ್ಕೆ ಹಾಕಿ ಬಿಗಿದೆ. ಎದೆಲ್ಮಿರಾ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಳು, ಇನ್ನೊಂದು ಸುತ್ತು ಹೋದಳು, ಮೂರನೆಯ ಸುತ್ತಿಗೆ ಚೌಕದ ಇಗರ್ಜಿಯವರೆಗೂ ಹೋಗಿ ಬಂದಳು. ಇಳಿದವಳು ಸೀಟಿನ ಮೇಲಿಂದ ಕೈ ತೆಗೆಯಲಿಲ್ಲ.

“ಹೇಗಿದೆ?”

“ಇದರ ಮೇಲೆ ಕೂತಿದೀನಿ ಅಂತಲೇ ಅನ್ನಿಸಲ್ಲ ಮೇಸ್ತ್ರಿ. ನಾನೇ ಹೋಗ್ತಿದೀನಿ ಅನ್ಸತ್ತೆ.”

ಬಸ್ಸಿನಲ್ಲಿ ಹೋಗುವುದಿಲ್ಲ, ತುಳಿದುಕೊಂಡೇ ಹೋಗುತ್ತೇನೆ ಎಂದಳು. ಅರವತ್ತು ಕಿಲೋಮೀಟರ್, ಅದರಲ್ಲಿ ಏರು ಎಷ್ಟೋ. ಹೊತ್ತು ಮುಳುಗುವ ಮುಂಚೆ ಸೇರಬೇಕು ಅಂತ ಹನ್ನೊಂದಕ್ಕೇ ಹೊರಟಳು. ರುವಾನಾ ಕಂಬಳಿಯನ್ನು ಮಡಿಸಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ತಿರುವಿನಲ್ಲಿ ಕೈ ಎತ್ತಿದಳು, ಹಿಂದಕ್ಕೆ ನೋಡಲಿಲ್ಲ. ನೋಡಬಾರದು ಕೂಡ, ಅಲ್ಲೊಂದು ಗುಂಡಿ ಇದೆ.

ಮಾರ್ಚ್ 30, ಶುಭ ಶುಕ್ರವಾರ

ಬೇಕರಿ ಮುಚ್ಚಿದೆ. ಮೆರವಣಿಗೆ ನಮ್ಮ ಬೀದಿಯಲ್ಲಿ ಬರುವುದಿಲ್ಲ. ಗಂಟೆ: ಸೊನ್ನೆ.

ಏಪ್ರಿಲ್ 3, ಮಂಗಳವಾರ

ಚೆನ್ನಾಗಿ ಮಾಡಿದ ಫ್ರೇಮಿನ ತೊಂದರೆ ಇದು: ಅದು ವಾಪಸು ಬರುವುದಿಲ್ಲ. ಕೆಟ್ಟ ಫ್ರೇಮು ಆರು ತಿಂಗಳಿಗೊಮ್ಮೆ ಬಿರುಕು ಬಿಟ್ಟುಕೊಂಡು, ಗಿರಾಕಿಯನ್ನೂ ಬೈಗುಳವನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ನನ್ನವು ಇಪ್ಪತ್ತಮೂರು ವರ್ಷದಲ್ಲಿ ನಾನೂರ ಹನ್ನೆರಡು ಹೋಗಿವೆ. ವ್ಯಾಪಾರದ ದೃಷ್ಟಿಯಿಂದ ಇದನ್ನು ಯಾರಾದರೂ ವಿಚಾರ ಮಾಡಬೇಕು.

ಮಧ್ಯಾಹ್ನ ಹೆರ್ಮೆನ್ಸಿಯಮ್ಮನ ಫೋನು.

“ಮೇಸ್ತ್ರಿ, ಎದೆಲ್ಮಿರಾ ಸೈಕಲ್ಲಿಂದ ಇಳೀತಾನೇ ಇಲ್ಲ. ಉಳಿದೋರು ಹೊಟ್ಟೆಕಿಚ್ಚಿಂದ ಈರುಳ್ಳಿ ಇಲ್ಲದೇನೇ ಕಣ್ಣೀರು ಹಾಕ್ತಿದಾರೆ. ಎಂಟೂ ನಿಮಗೇ.”

“ಬಹಳ ಸಂತೋಷ ಅಮ್ಮಾ. ಅಳತೆಗೆ ಯಾವತ್ತು ಕಳಿಸ್ತೀರಿ?”

“ಅದೇ ಹೇಳ್ತೀನಿ ಕೇಳಿ. ಎದೆಲ್ಮಿರಾ ನಾಲ್ಕು ಸಲ ಬಂದ್ಲು, ನಾಲ್ಕು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಅವಳು ಗೊಣಗಲಿಲ್ಲ, ಅದು ಬೇರೆ ವಿಷಯ. ಇವರು ಯಾರೂ ಬರಲ್ಲ. ಇಲ್ಲೇ ಅಳೆದು ಕಾಗದದಲ್ಲಿ ಕಳಿಸ್ತೀವಿ. ಅದು ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಸೊಗಮೊಸೊದಲ್ಲಿ ಅಂಗಡಿಯವನು ಸಿದ್ಧ ಸೈಕಲ್ಲು ಕಂತಿನ ಮೇಲೆ ಕೊಡ್ತೀನಿ ಅಂತಿದಾನೆ.”

“ಆಗತ್ತೆ” ಎಂದೆ.

ಎದೆಲ್ಮಿರಾ ಅರ್ಧ ದಿನದ ಕೂಲಿ ಒಂದು ಸಲ ಉಳಿಸಿಕೊಂಡೇ ಬಂದಿದ್ದಳಲ್ಲ ಅಂತ ಆಮೇಲೆ ನೆನಪಾಯಿತು. ನಾಲ್ಕಲ್ಲ, ಮೂರೂವರೆ ಇರಬೇಕು. ಹೇಗೂ ಈ ಪುಸ್ತಕದಲ್ಲಿ ಅದಕ್ಕೆ ಕಲಮು ಇಲ್ಲ.

ಏಪ್ರಿಲ್ 6, ಶುಕ್ರವಾರ

ಲಿಬಿಯಾ ಮೇಡಂಗೆ ಹಬ್ಬ. ಕುರ್ಚಿಯ ತುದಿಯಲ್ಲಿ ಕೂತು ಒಂದು ಗೆರೆಚಿತ್ರ ಬರೆದರು: ಕೈ ಚಾಚಿ ನಿಂತ ಹೆಂಗಸು, ಒಂದೊಂದು ಅಂಗದ ಪಕ್ಕದಲ್ಲೂ ಬಾಣ, ಬಾಣದ ತುದಿಗೆ ಖಾಲಿ ಮನೆ. ಹಲಗೆ ಹಿಡಿಯುವುದು ಹೇಗೆ, ಪೆನ್ಸಿಲು ಹಿಡಿಯುವುದು ಹೇಗೆ, ಎಲ್ಲ ನನ್ನಿಂದ ಕೇಳಿ ಕೆಳಗೆ ಬರೆದರು. ಎರಡೆರಡು ಸಲ ಅಳೆದು ಎರಡನ್ನೂ ತುಂಬಬೇಕು.

“ಎಂಟು ಜನರ ಕೊಳವೆ ಒಟ್ಟಿಗೇ ಕತ್ತರಿಸಿದ್ರೆ, ಅಳತೆಗೆ ಗಂಟೆ ಸೊನ್ನೆ ಆದ್ರೆ, ಒಂದು ಫ್ರೇಮಿಗೆ ಮೂವತ್ತು ಗಂಟೆ. ಅಂಗಡಿ ಉಳೀತು ಮೇಸ್ತ್ರಿ! ನೋಡ್ತಾ ಇರಿ, ಮುಂದಿನ ವರ್ಷ ಊರೂರಿಂದ ಫೋನಲ್ಲೇ ಆರ್ಡರ್ ಬರತ್ತೆ. ಒಬ್ಬರೂ ಇಲ್ಲಿಗೆ ಬರಬೇಕಾಗಿಲ್ಲ.”

“ಒಬ್ಬರೂ?”

“ಒಬ್ಬರೂ!”

ನನ್ನ ಫ್ರೇಮಿನ ವಿಷಯದಲ್ಲಿ ಇಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ಅವರ ಕಚೇರಿಯಲ್ಲಿ ಇದು ಅವರ ಮೊದಲ ಕೇಸಂತೆ. ನನ್ನ ಹೆಸರು ಒಂದು ಕಡತದ ಮೇಲಿದೆ.

ಏಪ್ರಿಲ್ 10, ಮಂಗಳವಾರ

ಎಂಟು ಹಾಳೆಗಳ ಫೋಟೊ ಫೋನಿಗೆ ಬಂದವು, ಜೊತೆಗೆ ಹೆರ್ಮೆನ್ಸಿಯಮ್ಮನ ದನಿ: “ಅಳತೆ ಸರಿ ಇದೆ ಅಂತ ಒಂದು ಮಾತು ಕಳಿಸಿ ಮೇಸ್ತ್ರಿ, ಅವತ್ತೇ ಮುಂಗಡ ಹಾಕ್ತೀನಿ.”

ಮುದ್ರಣದ ಅಂಗಡಿಗೆ ಹೋಗಿ ಎಂಟನ್ನೂ ಕಾಗದಕ್ಕೆ ತೆಗೆಸಿಕೊಂಡು ಬಂದು ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಕುಸ್ತೋದಿಯಾ, ಕಾಲು ಎಪ್ಪತ್ತೊಂದು. ಬ್ಲಾಂಕಾ ಇನೆಸ್, ಎಪ್ಪತ್ತಾರೂವರೆ. ರೊಸಲ್ಬಿನಾ ಎಂಬವಳದ್ದು ಎಡಗೈ ಬಲಗೈಗಿಂತ ಗಿಡ್ಡ. ಪಕ್ಕದಲ್ಲಿ ‘ಚಿಕ್ಕವಳಿದ್ದಾಗ ಮುರಿದದ್ದು’ ಅಂತ ಬರೆದಿದೆ. ಹೇಗೆ ಮುರಿಯಿತು ಅಂತ ಬರೆಯಲು ಮೇಡಂ ಜಾಗ ಬಿಟ್ಟಿಲ್ಲ.

ಏಪ್ರಿಲ್ 12, ಗುರುವಾರ

ಉತ್ತರ ಕಳಿಸಲಿಲ್ಲ. ಹಾಳೆಗಳನ್ನು ಇನ್ನೊಮ್ಮೆ ನೋಡಿದೆ. ಕಾಲು ಎಪ್ಪತ್ತೊಂದು, ಮುಂಡ ಐವತ್ತೆಂಟು. ಇದರಿಂದ ಫ್ರೇಮು ಮಾಡಬಹುದು. ಮುಖ ಮಾಡಲಾಗುವುದಿಲ್ಲ.

ಬೇಕರಿಗೆ ಹೋಗಿ ಅಭ್ಯಾಸಬಲದಿಂದ ನಾಲ್ಕು ಅಲ್ಮೊಹಾಬಾನ ತಂದೆ. ಬೇಕರಿಯವಳು “ಇವತ್ತು ಯಾರು ಬರ್ತಿದಾರೆ ಮೇಸ್ತ್ರಿ?” ಅಂದಳು. ಎಂಟು ಜನ ಎಂದೆ.

“ಹಾಗಾದ್ರೆ ನಾಲ್ಕು ಸಾಕಾ?”

ಇನ್ನೂ ನಾಲ್ಕು ತೆಗೆದುಕೊಂಡೆ.

ಏಪ್ರಿಲ್ 13, ಶುಕ್ರವಾರ

ಹೆರ್ಮೆನ್ಸಿಯಮ್ಮನಿಗೆ ಫೋನು ಮಾಡಿದೆ.

“ಅಳತೆಯಲ್ಲಿ ಸ್ವಲ್ಪ ಎಡವಟ್ಟಾಗಿದೆ ಅಮ್ಮಾ. ತೋಳಿನದು ಹೊಂದ್ತಾ ಇಲ್ಲ. ಎಂಟೂ ಜನ ಒಂದು ಸಲ ಬಂದುಹೋದ್ರೆ ಒಳ್ಳೇದು. ಒಟ್ಟಿಗೆ ಬೇಡ. ದಿನಕ್ಕೊಬ್ಬರು.”

ಆ ಕಡೆಯಿಂದ ಅಷ್ಟು ದೊಡ್ಡ ದನಿ ಈ ಸಲ ಸಣ್ಣಗೆ ಬಂತು.

“ದಿನಕ್ಕೊಬ್ಬರು ಅಂದ್ರೆ ಎಂಟು ದಿನ ಮೇಸ್ತ್ರಿ.”

“ಎರಡು ವಾರ ಹಿಡೀಬಹುದು. ಆತುರ ಇಲ್ಲ.”

“ನಿಮಗಿಲ್ಲ. ಮೊದಲೇ ಹೇಳಿದ್ದೆನಲ್ಲ ನಾನು? ನಾವು ಎರಡೆರಡು ಸಲ ಅಳೆದಿದೀವಿ, ಎದೆಲ್ಮಿರಾನೇ ಮುಂದೆ ನಿಂತು ಅಳೆಸಿದಾಳೆ, ನೀವು ಹೇಗೆ ಅಳೀತೀರೋ ಹಾಗೇ. ಅದೂ ತಪ್ಪಾ?”

“ತಪ್ಪು ಅಂತಲ್ಲ…”

“ಸೋಮವಾರದವರೆಗೂ ನೋಡ್ತೀನಿ. ಸರಿ ಇದೆ ಅಂತ ಹೇಳಿದ್ರೆ ನಿಮಗೆ. ಇಲ್ಲ ಅಂದ್ರೆ ಬೇಡ ಬಿಡಿ.”

ಅರ ಹಾಕುವುದು: ಮೂರು ಗಂಟೆ. ಏನಕ್ಕೆ ಅರ ಹಾಕಿದೆ ಅಂತ ಬರೆಯಬೇಕು. ಒಂದು ತುಂಡು ಕೊಳವೆ ಬಿದ್ದಿತ್ತು.

ಏಪ್ರಿಲ್ 16, ಸೋಮವಾರ

ಬೆಳಿಗ್ಗೆಯಿಂದ ಫೋನು ಬೆಂಚಿನ ಮೇಲೇ ಇತ್ತು. ‘ಸರಿ’ ಅನ್ನುವ ಎರಡು ಅಕ್ಷರದ ಮಾತು, ಬೆರಳಿಗೆ ಎಷ್ಟು ಭಾರ. ಹೇಗೂ ಬಂದೇ ಬರುತ್ತಾರೆ, ಒಳ್ಳೆಯ ಫ್ರೇಮು ಬೇಕಾದವರು ಬರದೆ ಎಲ್ಲಿಗೆ ಹೋಗುತ್ತಾರೆ ಅಂತ ಕಾದೆ. ಕುರ್ಚಿಗಳನ್ನು ಒರೆಸಿದೆ. ನಾಲ್ಕೂವರೆಗೆ ಹೆರ್ಮೆನ್ಸಿಯಮ್ಮನದೇ ಫೋನು ಬಂತು. ಎಂಟೂ ಸೈಕಲ್ಲನ್ನು ಸೊಗಮೊಸೊದವನಿಗೆ ಹೇಳಿದ್ದಾರೆ. ಮೂರು ಅಳತೆ ಇವೆಯಂತೆ ಅವನ ಹತ್ತಿರ: ಸಣ್ಣದು, ನಡುವಿನದು, ದೊಡ್ಡದು.

“ರೊಸಲ್ಬಿನಾ ಕೈಗೆ ಅದು ಎಟುಕಲ್ಲ ಅಮ್ಮಾ” ಎಂದೆ.

“ನನಗೂ ಗೊತ್ತು ಮೇಸ್ತ್ರಿ. ಏನ್ಮಾಡೋದು?” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 18, ಬುಧವಾರ

ಕಟ್ಟಡದ ಮಾಲೀಕ ಒಂದು ಟೇಪು ಹಿಡಿದುಕೊಂಡು ಬಂದ, ಜೊತೆಗೆ ಕೋಳಿ ಅಂಗಡಿಯವನು. ಒಲೆ ಎಲ್ಲಿ, ಹೊಗೆಗೂಡು ಎಲ್ಲಿ ಅಂತ ಗೋಡೆ ಅಳೆದರು. ಐದೇ ನಿಮಿಷ. ಅವರ ಕಸುಬು ಅವರಿಗೆ ಗೊತ್ತು. ಬಸ್ ಕಾರ್ಖಾನೆಯ ಮೇಲ್ವಿಚಾರಕನಿಗೆ ಫೋನು ಮಾಡಿದೆ. ಮೇ ಎರಡಕ್ಕೆ ಬಾ, ಊಟದ ಡಬ್ಬಿ ನೀನೇ ತಗೊಂಡು ಬಾ ಎಂದ.

ಏಪ್ರಿಲ್ 20, ಶುಕ್ರವಾರ

ಲಿಬಿಯಾ ಮೇಡಂ ಬಂದರು. ಅವರಿಗೆ ಹೆರ್ಮೆನ್ಸಿಯಮ್ಮನಿಂದಲೇ ತಿಳಿದಿತ್ತು. ಕೂರಲಿಲ್ಲ. ಎಂಟೂ ಹಾಳೆಗಳನ್ನು ಬೆಂಚಿನ ಮೇಲೆ ಹರಡಿ ಒಂದೊಂದರ ಮೇಲೂ ಬೆರಳಿಟ್ಟು ಓದಿದರು.

“ಯಾವುದು ತಪ್ಪಿದೆ ಮೇಸ್ತ್ರಿ? ನನಗೆ ತೋರಿಸಿ.”

“ತೋಳು.”

“ಯಾರದ್ದು?”

“ಎಲ್ಲರದ್ದೂ.”

“ಎಂಟೂ ಜನರದ್ದು? ಎರಡೆರಡು ಸಲ ಅಳೆದದ್ದೂ?”

“ಹೂಂ.”

ಬಹಳ ಹೊತ್ತು ತಾವೇ ಬರೆದ ಚಿತ್ರವನ್ನು ನೋಡಿದರು. ತೋಳಿನ ಪಕ್ಕದ ಬಾಣವನ್ನು ಉಗುರಿನಿಂದ ಗೀರಿದರು.

“ಹಾಗಾದ್ರೆ ಚಿತ್ರವೇ ತಪ್ಪು. ಒಬ್ಬರದ್ದು ತಪ್ಪಿದ್ರೆ ಅಳೆದವರ ತಪ್ಪು, ಎಲ್ಲರದ್ದೂ ತಪ್ಪಿದ್ರೆ ನಾನು ಬಾಣ ತಪ್ಪು ಜಾಗಕ್ಕೆ ಹಾಕಿದೀನಿ. ಭುಜದ ಮೂಳೆಯಿಂದಾನಾ, ಕತ್ತಿಂದಾನಾ ಅಂತ ನಾನು ನಿಮ್ಮನ್ನ ಎರಡನೇ ಸಲ ಕೇಳ್ಕೋಬೇಕಿತ್ತು. ಅವಸರ ಮಾಡಿದೆ.” ಕಣ್ಣು ಒರೆಸಿಕೊಂಡರು. “ನಿಮ್ಮ ಇಪ್ಪತ್ತಮೂರು ವರ್ಷದ ಅಂಗಡಿ ನನ್ನ ಒಂದು ಬಾಣದಿಂದ ಹೋಯ್ತು ಮೇಸ್ತ್ರಿ. ಕಚೇರಿಗೆ ಹಾಗೇ ಬರೆದು ಕೊಡ್ತೀನಿ. ಮುಚ್ಚಿಡಲ್ಲ.”

“ಬಿಡಿ ಮೇಡಂ, ಆಗಿದ್ದಾಯ್ತು” ಎಂದೆ. ಇಷ್ಟೇ ಎಂದೆ. ಬೆಲ್ಲದ ನೀರು ಕುಡಿಯುತ್ತೀರಾ ಅಂತ ಕೇಳಿದೆ. ಬೇಡವೆಂದು ತಲೆಯಾಡಿಸಿ, ಹಾಳೆಗಳನ್ನು ಕಡತಕ್ಕೆ ಸೇರಿಸಿಕೊಂಡು ಹೋದರು.

ಬಾಣ ಸರಿಯಾದ ಜಾಗದಲ್ಲೇ ಇತ್ತು. ಎಂಟೂ ಅಳತೆ ಸರಿಯಾಗಿದ್ದವು, ನಾನು ತೆಗೆದಿದ್ದರೂ ಅಷ್ಟೇ ಬರುತ್ತಿತ್ತು. ಅವು ಬಂದ ದಿನವೇ, ಮೊದಲ ಸಲ ನೋಡಿದಾಗಲೇ ನನಗೆ ಗೊತ್ತಿತ್ತು. ನನಗೆ ಆ ಎಂಟೂ ಜನ ಬರುವುದು ಬೇಕಿತ್ತು.